ಬಳೆಗಾರರ ಬೀದಿಯ ಗೋಡೆಕಿವಿ

ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ನಾಲಿಗೆ ಬಿಗಿಹಿಡಿಯಲಿ ಎಂದು. ಯಾರಾದರೂ ನಿಜವಾಗಿಯೂ ಗೋಡೆಗೆ ಕಿವಿ ಇಟ್ಟುಬಿಟ್ಟರೆ ಏನಾದೀತು ಎಂದು ಅವರು ಯೋಚಿಸಿರಲಿಲ್ಲ. ಯೋಚಿಸುವ ಕೆಲಸ ಮೊಮ್ಮಕ್ಕಳ ಪಾಲಿಗೆ ಬಂತು.

ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ಕಾಲ ಅದು. ಬಡದೇಶಗಳು ಆ ಬಿಸಿಲಿಗೆ ಹೊಂದಿಕೊಂಡು ಬದುಕಲಿ ಎಂದು ವಿಶ್ವ ಹೊಂದಾಣಿಕೆ ಮಂಡಳಿ ನೀರಿನ ಟ್ಯಾಂಕರ್, ತಂಪುಮನೆ, ಬೀಜ, ಔಷಧಿ ಎಲ್ಲವನ್ನೂ ಕೊಡುತ್ತಿತ್ತು. ಕೊಟ್ಟದ್ದರಿಂದ ಎಷ್ಟು ಒಳ್ಳೆಯದಾಯಿತು ಎಂಬ ವರದಿಯನ್ನೂ ಕೇಳುತ್ತಿತ್ತು. ವರದಿ ಬರೆಯುವುದರಲ್ಲಿ ನಮ್ಮವರನ್ನು ಮೀರಿಸುವವರು ಯಾರು? ಅಗೆಯದ ಕೆರೆಗಳು ತುಂಬಿದವು, ನೆಡದ ಮರಗಳು ನೆರಳು ಕೊಟ್ಟವು. ಮಂಡಳಿಯವರು ತಾವೇ ಮನೆಮನೆಗೆ ಜನ ಕಳಿಸಿ ಕೇಳಿಸಿದರು. ಆಗಲೂ ಬಂದವರ ಮುಖ ನೋಡಿಕೊಂಡೇ ಉತ್ತರ ಬರುತ್ತಿತ್ತು. ಬಂದವನು ಕೊಡುವವನ ಹಾಗೆ ಕಂಡರೆ ಕಷ್ಟ ಬೆಟ್ಟದಷ್ಟು, ಕಿತ್ತುಕೊಳ್ಳುವವನ ಹಾಗೆ ಕಂಡರೆ ಎಲ್ಲವೂ ಸುಖ.

ಹಾಗೆ ಹುಟ್ಟಿದ್ದು ಆಲಿಕೆ ಯಂತ್ರ. ಅಂಗೈಯಗಲದ ಬಿಳಿ ಪೆಟ್ಟಿಗೆ. ಅಡುಗೆಮನೆಯ ಬಾಗಿಲ ಮೇಲೆ ಅದನ್ನು ಕೂರಿಸುತ್ತಿದ್ದರು. ಮನೆಯವರು ತಮ್ಮ ಪಾಡಿಗೆ ಆಡುವ ಮಾತನ್ನು ಅದು ಕೇಳಿಸಿಕೊಳ್ಳುತ್ತಿತ್ತು. ನೀರು, ಎಣ್ಣೆ, ಅಕ್ಕಿ, ಬೆಳಕು, ಸೆಕೆ ಮುಂತಾದ ಮಾತು ಬಂದಾಗ ಅದರ ಪಕ್ಕದಲ್ಲಿ ಹೆಚ್ಚು ಎಂದರೋ, ಕಮ್ಮಿ ಎಂದರೋ, ಇಲ್ಲ ಎಂದರೋ ಎಂದು ಹಿಡಿದುಕೊಂಡು, ಮಾತನ್ನು ಅಲ್ಲೇ ಅಳಿಸಿಹಾಕಿ, ಸಂಜೆಗೆ ಒಂದು ಅಂಕೆ, ಯಾವುದು ಹೆಚ್ಚು ಯಾವುದು ಕಮ್ಮಿ ಎಂಬ ಪಟ್ಟಿ ಮಾತ್ರ ಕಳಿಸುತ್ತಿತ್ತು. ಯಾರು ಆಡಿದ್ದು, ಯಾರ ದನಿ ಎಂಬುದು ಅದಕ್ಕೆ ಬೇಕಿರಲಿಲ್ಲ. ಮನೆಯ ಗುಟ್ಟು ಮನೆಯಲ್ಲೇ ಉಳಿಯಲಿ ಎಂಬ ಮರ್ಯಾದೆ ಅದಕ್ಕಿತ್ತು. ಜನ ಅದಕ್ಕೆ ಗೋಡೆಕಿವಿ ಎಂದು ಹೆಸರಿಟ್ಟು, ನಾಲ್ಕು ದಿನ ಪಿಸುಗುಟ್ಟಿ, ಆಮೇಲೆ ಹಲ್ಲಿಯನ್ನು ಮರೆಯುವ ಹಾಗೆ ಮರೆತರು.

ಜಿಲ್ಲೆಯ ಆಲಿಕೆ ಕೇಂದ್ರದಲ್ಲಿ ಭುವನೇಶ್ವರಿ ಪರಿಶೀಲನಾಧಿಕಾರಿ. ಕೇಂದ್ರದ ಒಂದು ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದು ಮನೆ. ಕಷ್ಟದಲ್ಲಿರುವ ಮನೆ ಕೆಂಪು, ಹೊಂದಿಕೊಂಡ ಮನೆ ಹಸಿರು. ಆ ಬೇಸಿಗೆಯಲ್ಲಿ ಜಿಲ್ಲೆಯೆಲ್ಲ ಕೆಂಪಾಗಿತ್ತು. ಕರೆಗಲ್ಲು ಎಂಬ ಊರಿನಲ್ಲಿ ಒಂದು ಗೆರೆಯಷ್ಟು ಜಾಗ ಮಾತ್ರ ಹಸಿರಾಗಿ ನಿಂತಿತ್ತು.

"ಬಳೆಗಾರರ ಬೀದಿ ಸರ್," ಎಂದಳು ಭುವನೇಶ್ವರಿ. "ಬಿಸಿಲು ಏರಿದಷ್ಟೂ ಹಸಿರಾಗ್ತಿದೆ."

ನಿರ್ದೇಶಕ ಜಯತೀರ್ಥರು ಕನ್ನಡಕ ಹಣೆಗೇರಿಸಿ ನೋಡಿದರು. ಮೂವತ್ತು ವರ್ಷ ಕೆಟ್ಟ ಸುದ್ದಿಯನ್ನೇ ಮೇಲಕ್ಕೆ ಕಳಿಸಿದ ಮನುಷ್ಯ ಅವರು. ಒಳ್ಳೆಯ ಸುದ್ದಿ ಕಂಡರೆ ಮಗುವಾಗಿಬಿಡುತ್ತಿದ್ದರು.

"ನಮ್ಮ ದೇಶದಲ್ಲೇ ಮೊದಲ್ನೇ ಹೊಂದಿಕೊಂಡ ಬೀದಿ ಕಣ್ರೀ ಇದು! ಘೋಷಣೆ ಮಾಡಿಬಿಡ್ತಾರೆ. ಒಂದ್ಸಲ ಹೋಗಿ ಯಂತ್ರ ಸರಿಯಿದೆಯಾ ನೋಡ್ಕೊಂಡು ಬನ್ನಿ. ಯಾರನ್ನೂ ಏನೂ ಕೇಳಬೇಡಿ ಮತ್ತೆ. ನಿಯಮ ಗೊತ್ತಲ್ಲ?"

ನಿಯಮ ಗೊತ್ತಿತ್ತು. ಕೇಳಿದರೆ ಜನ ಉತ್ತರ ಕೊಡುತ್ತಾರೆ, ಉತ್ತರ ಕೊಟ್ಟರೆ ಸುಳ್ಳು ಬೆರೆಯುತ್ತದೆ. ಆದ್ದರಿಂದ ಪರಿಶೀಲಕರು ಪೆಟ್ಟಿಗೆಯನ್ನು ನೋಡಬೇಕೇ ಹೊರತು ಮನುಷ್ಯರನ್ನು ಮಾತಾಡಿಸಬಾರದು. ಘೋಷಣೆಯಾದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಹೊಂದಿಕೊಂಡವರಿಗೆ ಟ್ಯಾಂಕರ್ ಏಕೆ, ತಂಪುಮನೆ ಏಕೆ? ಅವು ಇನ್ನೂ ಹೊಂದಿಕೊಳ್ಳದವರ ಊರಿಗೆ ಹೋಗುತ್ತವೆ. ಅದೂ ನ್ಯಾಯವೇ ಎಂದು ಅವಳಿಗೆ ಆಗ ಅನ್ನಿಸಿತ್ತು.

ಬೀದಿಯ ಕೊನೆಯಲ್ಲಿ ತಂಪುಮನೆ. ಅರ್ಧ ನೆಲದೊಳಗೆ ಹುದುಗಿಸಿ ಕಟ್ಟಿದ ದೊಡ್ಡ ಕೊಠಡಿ, ಗೋಡೆಯೊಳಗಿನ ಕೊಳವೆಗಳಲ್ಲಿ ಟ್ಯಾಂಕರಿನ ನೀರು ಸುತ್ತುತ್ತಿತ್ತು. ಹೊರಗೆ ಕಾದ ಕಾವಲಿ, ಒಳಗೆ ಮಡಕೆಯ ತಂಪು. ಅಲ್ಲಿ ಗೋಡೆಗೊರಗಿ ಕೂತಿದ್ದವರು ಗಂಗಶೆಟ್ಟರು. ಬಳೆಯ ಮಲಾರ ಹೊತ್ತು ಸುತ್ತೂರುಗಳನ್ನೆಲ್ಲ ತಿರುಗಿದ ಜೀವ. ಹೋದ ಬೇಸಿಗೆಯಲ್ಲಿ ಮಲಾರದ ಸಮೇತ ದಾರಿಯಲ್ಲಿ ಬಿದ್ದಿದ್ದರು. ನಡುಹಗಲು ತಂಪು ಬಿಟ್ಟು ಹೊರಗೆ ಬಂದರೆ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅಂದಿನಿಂದ ಅವರ ಅಂಗಡಿ, ಮನೆ, ಹರಟೆಕಟ್ಟೆ ಎಲ್ಲವೂ ತಂಪುಮನೆಯೇ.

"ಬರಿಗೈ ಯಾಕಮ್ಮ? ಬಾ, ಕೂತ್ಕ," ಎಂದರು ಅವರು. ಏನನ್ನೂ ಕೇಳಬಾರದೆಂಬ ನಿಯಮವಿತ್ತು, ಬಳೆ ತೊಡಬಾರದೆಂದು ಇರಲಿಲ್ಲ. ಭುವನೇಶ್ವರಿ ಕೈ ಚಾಚಿದಳು. ಗಂಗಶೆಟ್ಟರು ಬೆರಳುಗಳನ್ನು ಒಟ್ಟುಮಾಡಿ ಹಿಡಿದು, "ಕೈ ಸಡಿಲ ಬಿಡು, ನಾನು ನೋಡ್ಕಂತೀನಿ," ಎನ್ನುತ್ತ ಹಸಿರು ಗಾಜಿನ ಬಳೆ ಏರಿಸತೊಡಗಿದರು. ಒಂದು ಬಳೆ ಚಟ್ಟೆಂದಿತು.

"ಒಂದು ಹೆಚ್ಚಿತು. ಇರ್ಲಿ, ಇನ್ನೊಂದು ಹಾಕನ," ಎಂದು ಚೂರುಗಳನ್ನು ಬದಿಗೆ ಸರಿಸಿದರು.

ಅವಳು ಅದನ್ನು ಕೇಳಿಸಿಕೊಂಡಳು. ಹುಟ್ಟಿದಾಗಿನಿಂದ ಕೇಳಿದ ಮಾತು, ಕಿವಿಯಲ್ಲಿ ಎಲ್ಲೂ ತಡೆಯಲಿಲ್ಲ.

ಅವರ ಮನೆಯ ಗೋಡೆಕಿವಿಯನ್ನು ನೋಡಲು ಹೋದಾಗ ಹೆಂಡತಿ ಪುಟ್ಟಲಕ್ಷ್ಮಮ್ಮ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟರು. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದ ಮನೆ ಆ ಬೀದಿಯಲ್ಲಿರಲಿಲ್ಲ. ಬಿಸಿಲಲ್ಲಿ ಬಂದ ಭುವನೇಶ್ವರಿ ಚೊಂಬನ್ನು ಪೂರ್ತಿ ಖಾಲಿ ಮಾಡಿದಳು. ಪುಟ್ಟಲಕ್ಷ್ಮಮ್ಮ ನಗುತ್ತ ನಿಂತಿದ್ದರು. ಪೆಟ್ಟಿಗೆ ನೆಟ್ಟಗಿತ್ತು. ಯಂತ್ರ ಸರಿಯಾಗಿದೆ ಎಂದು ಬರೆದುಕೊಂಡು ಅವಳು ಜೀಪು ಹತ್ತಿದಳು.

ಊರು ತಲುಪುವಷ್ಟರಲ್ಲಿ ಅತ್ತೆ ಸಾವಿತ್ರಮ್ಮನ ಫೋನು ಬಂತು.

"ಬರ್ತಾ ಒಂದು ಅಚ್ಚು ಬೆಲ್ಲ ತಗೊಂಡು ಬಾರೇ. ಮನೇಲಿ ಹೆಚ್ಚಾಗಿದೆ."

"ಸರಿ ಅತ್ತೆ," ಎಂದು ಅಂಗಡಿಯ ಮುಂದೆ ಜೀಪು ನಿಲ್ಲಿಸಿದಳು. ಅಂಗಡಿಯವನು ಬೆಲ್ಲದ ಅಚ್ಚನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ ಅವಳ ಕೈ ಪರ್ಸಿನೊಳಗೇ ನಿಂತುಹೋಯಿತು. ಹೆಚ್ಚಾಗಿದೆ, ತಗೊಂಡು ಬಾ. ಹೆಚ್ಚಾಗಿದ್ದರೆ ತರುವುದೇಕೆ?

ಮುಗಿದಿದೆ ಎನ್ನಬಾರದು ಎಂದು ಹೆಚ್ಚಾಗಿದೆ ಎನ್ನುವುದು. ಅರಿಶಿನ ಮುಗಿಯುವುದಿಲ್ಲ, ಹೆಚ್ಚುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಅಶುಭವನ್ನು ನಾಲಿಗೆಯ ಮೇಲೆ ಕೂರಿಸಬಾರದೆಂದು ನಮ್ಮ ಹೆಂಗಸರು ಕಟ್ಟಿಕೊಂಡು ಬಂದ ಮಾತು ಇದು. ಬೇರೆ ಬೀದಿಗಳಲ್ಲಿ ಸಿಟ್ಟು ಬಂದಾಗಲಾದರೂ "ಹಾಳಾದ್ದು ನೀರಿಲ್ಲ" ಎಂದು ಬಾಯಿಗೆ ಬರುತ್ತದೆ. ಬಳೆ ಮಾರಿ ಬದುಕುವವರ ಮನೆಗಳಲ್ಲಿ ಅದೂ ಇಲ್ಲ. ಬಳೆಗಾರನ ಬಾಯಲ್ಲಿ ಒಡೆಯಿತು ಎಂಬ ಮಾತು ಬಂದರೆ ಅವನ ಮುಂದೆ ಯಾವ ಮುತ್ತೈದೆ ಕೈ ಚಾಚುತ್ತಾಳೆ?

ಹಾಗಾದರೆ ಆ ಬೀದಿಯಲ್ಲಿ ನೀರು ದಿನದಿನಕ್ಕೆ ಹೆಚ್ಚಾಗುತ್ತಿತ್ತು. ತಾನು ಕುಡಿದ ಚೊಂಬು ನೀರು ನೆನಪಾಗಿ ಭುವನೇಶ್ವರಿಗೆ ಅಂಗಡಿಯ ಮುಂದೆಯೇ ನಾಚಿಕೆಯಾಯಿತು.

ಮರುದಿನ ಕೇಂದ್ರದ ಮೇಜಿನ ಮೇಲೆ ಪರೀಕ್ಷೆಗೆಂದು ಇಟ್ಟುಕೊಂಡ ಒಂದು ಪೆಟ್ಟಿಗೆಯನ್ನು ಚಾಲೂ ಮಾಡಿ, ಜಯತೀರ್ಥರ ಎದುರಿಗೇ ಅದರ ಹತ್ತಿರ ಬಾಗಿ ಹೇಳಿದಳು: "ನೀರು ಹೆಚ್ಚಾಗಿದೆ." ಹಸಿರು. "ಎಣ್ಣೆ ಹೆಚ್ಚಾಗಿದೆ." ಹಸಿರು. "ದೀಪ ದೊಡ್ಡದಾಯಿತು." ಕಡುಹಸಿರು.

ಜಯತೀರ್ಥರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಮ್ಮಮ್ಮನೂ ಹಾಗೇ ಅಂತಿದ್ದಳು ಕಣ್ರೀ," ಎಂದರು. "ಇದಕ್ಕೆ ಕನ್ನಡ ಕಲಿಸಿದೋರು ನ್ಯೂಸ್ ಚಾನೆಲ್ ಕೇಳಿಸಿ ಕಲಿಸಿದಾರೆ. ಅಡುಗೆಮನೆ ಕನ್ನಡ ಯಾರೂ ಕೇಳಿಸಿಲ್ಲ."

ಅವರು ಮೇಲಕ್ಕೆ ಬರೆದರು. ಉತ್ತರ ಬೇಗ ಬಂತು, ಬಹಳ ವಿನಯವಾಗಿಯೂ ಇತ್ತು. ಪದಗಳ ಅರ್ಥ ತಿದ್ದುವುದನ್ನು ವರ್ಷದ ಕೊನೆಯ ಸಭೆಯಲ್ಲಿ ಪರಿಗಣಿಸಲಾಗುವುದು. ಅಲ್ಲಿಯವರೆಗೆ ಅಧಿಕಾರಿಗಳ ಅಭಿಪ್ರಾಯಕ್ಕಿಂತ ಜನರ ಸ್ವಂತ ಮಾತಿಗೇ ಬೆಲೆ. ಜನರ ಮಾತನ್ನು ಅಧಿಕಾರಿಗಳಿಂದ ಕಾಪಾಡಲೆಂದೇ ಈ ಯಂತ್ರ ಹುಟ್ಟಿದ್ದು ಎಂದು ನೆನಪಿಸಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರೂ ಕೊಡಲಿಲ್ಲ. ಮುಂದಿನ ಸೋಮವಾರ ಘೋಷಣೆ ಎಂದು ಅದರಲ್ಲೇ ಬರೆದಿತ್ತು.

ಜನರ ಸ್ವಂತ ಮಾತು. ಭುವನೇಶ್ವರಿ ನಿಯಮವನ್ನು ಮೇಜಿನ ಮೇಲೇ ಬಿಟ್ಟು ಕರೆಗಲ್ಲಿಗೆ ಹೋದಳು. ಬೀದಿಯ ಹೆಂಗಸರು ತಂಪುಮನೆಯಲ್ಲಿ ಸೇರಿದರು. ವಿಷಯ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಮೊದಲು ಅವರೂ ನಕ್ಕರು.

"ನೋಡಿ, ಸೋಮವಾರದ ಒಳಗೆ ನಾಲ್ಕು ದಿನ ನಿಮ್ಮ ನಿಮ್ಮ ಅಡುಗೆಮನೇಲಿ ನಿಂತು ನೀರಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಸಾಕು," ಎಂದಳು ಭುವನೇಶ್ವರಿ. "ಇಲ್ದಿದ್ರೆ ಟ್ಯಾಂಕರ್ ಹೋಗುತ್ತೆ. ಈ ತಂಪುಮನೆ ಮುಚ್ಚುತ್ತೆ."

ನಗು ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಪುಟ್ಟಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು:

"ಬ್ಯಾರೆ ಏನಾರ ಹೇಳಮ್ಮ, ಮಾಡ್ತೀವಿ. ಅರ್ಜಿ ಕೊಡು ಅಂದ್ರೆ ಕೊಡ್ತೀವಿ, ರಸ್ತೇಲಿ ಕೂತ್ಕ ಅಂದ್ರೆ ಕೂರ್ತೀವಿ. ಒಲೆ ಮುಂದೆ ನಿಂತ್ಕಂಡು ಇಲ್ಲ ಅಂದ್ರೆ, ಆ ಇಲ್ಲ ಅನ್ನೋದು ಮನೇಲೇ ನಿಂತ್ಕಂಬಿಡ್ತೈತೆ. ನನ್ ಮನೇಲಿ ಇವ್ರು ಇದಾರೆ. ಎಲ್ರ ಮನೇಲೂ ಗಂಡ, ಮಕ್ಕಳು ಇದಾರೆ."

"ಟ್ಯಾಂಕರ್ ಹೋದ್ರೆ ಶೆಟ್ಟರಿಗೇ ಕಷ್ಟ ಅಮ್ಮ. ಅವರಿಗೋಸ್ಕರ ಹೇಳ್ತಿದೀನಿ."

"ನಾನೂ ಅವ್ರಿಗೋಸ್ಕರಾನೇ ಬ್ಯಾಡ ಅಂತಿರೋದು."

ಗಂಗಶೆಟ್ಟರು ಮೂಲೆಯಿಂದ ನಕ್ಕರು. "ಅಯ್ಯೋ, ನಾನೇ ಅಂತೀನಿ ಬಿಡೆ. ನೀರು..." ಎನ್ನುವಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಓಡಿಹೋಗಿ ಅವರ ಬಾಯಿಗೆ ಕೈ ಅಡ್ಡ ಹಿಡಿದರು. ಎಲ್ಲರೆದುರು ಗಂಡನ ಬಾಯಿ ಮುಚ್ಚಿದ್ದಕ್ಕೆ ಅವರಿಗೇ ನಾಚಿಕೆಯಾಗಿ ಮುಖ ತಿರುಗಿಸಿಕೊಂಡರು.

ಹೊರಡುವಾಗ ಭುವನೇಶ್ವರಿಗೆ ಒಂದು ಯೋಚನೆ ಬಂತು. ಯಂತ್ರಕ್ಕೆ ದನಿಯ ಗುರುತಿಲ್ಲ. ತಾನೇ ಹೇಳಿಬಿಟ್ಟರೆ? ಪುಟ್ಟಲಕ್ಷ್ಮಮ್ಮ ಹಿತ್ತಲಲ್ಲಿದ್ದರು, ಅಡುಗೆಮನೆ ಖಾಲಿಯಿತ್ತು. ಗೋಡೆಕಿವಿಯ ಕೆಳಗೆ ನಿಂತಳು, ಬಾಯಿ ತೆರೆದಳು. ಭೌತಶಾಸ್ತ್ರ ಓದಿದವಳು, ಇಂಥ ನೂರಾರು ಪೆಟ್ಟಿಗೆ ಬಿಚ್ಚಿ ಜೋಡಿಸಿದವಳು. ಆದರೂ ಇನ್ನೊಬ್ಬರ ಒಲೆಯ ಮುಂದೆ, ಅವರ ಕೈಯ ಬೆಲ್ಲ ತಿಂದವಳಾಗಿ, ಅವರೇ ತೊಡಿಸಿದ ಬಳೆ ಕೈಯಲ್ಲಿರುವಾಗ ಅವಳಿಗೆ ಆ ಮಾತು ಹೊರಡಲಿಲ್ಲ. ಸುಮ್ಮನೆ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು.

ಸೋಮವಾರ ಘೋಷಣೆಯಾಯಿತು. ಪತ್ರಿಕೆಗಳಲ್ಲಿ ಬೀದಿಯ ಚಿತ್ರ ಬಂತು. ಯಾರೋ ಒಂದು ನಾಮಫಲಕ ತಂದು ನೆಟ್ಟುಹೋದರು: ಹೊಂದಿಕೊಂಡ ಬೀದಿ. ಟ್ಯಾಂಕರ್ ಬರುವುದು ನಿಂತಿತು. ಕೊಳವೆಯ ನೀರು ಬಸಿದುಕೊಂಡು ತಂಪುಮನೆಗೆ ಬೀಗ ಹಾಕಿದರು. ಬಳೆಗಾರರ ಬೀದಿಯವರು ಊರಾಚೆಯ ಕೊಳವೆಬಾವಿಗೆ ಸರದಿ ನಿಂತು, ಸಿಕ್ಕಷ್ಟರಲ್ಲಿ ಬದುಕು ನೂಕಿದರು. ನಕ್ಷೆಯ ಮೇಲೆ ಅವರ ಹಸಿರು ಇನ್ನಷ್ಟು ಗಾಢವಾಯಿತು.

ಭುವನೇಶ್ವರಿ ಪ್ರತಿ ಸಂಜೆ ಒಂದೇ ಚುಕ್ಕಿಯನ್ನು ನೋಡುತ್ತಿದ್ದಳು. ಒಂದು ದಿನ ಅದು ಎಲ್ಲಕ್ಕಿಂತ ಹೆಚ್ಚು ಹೊಳೆಯಿತು. ಆ ಮನೆಯಿಂದ ಬಂದ ಅಂಕೆ ಇಡೀ ದೇಶದಲ್ಲೇ ಯಾವ ಮನೆಯಿಂದಲೂ ಬಂದಿರಲಿಲ್ಲ. ಪಕ್ಕದಲ್ಲಿ ವಿವರ ಮೂಡಿತು. ಬೆಳಕು: ಹೆಚ್ಚಳ. ಎಣ್ಣೆ: ಹೆಚ್ಚಳ. ನೀರು: ಹೆಚ್ಚಳ.

"ಅಯ್ಯೋ, ಇಷ್ಟು ಹಸಿರಾ! ಯಾವ ಮನೆರೀ ಅದು?" ಎಂದರು ಅತ್ತ ಹೋಗುತ್ತಿದ್ದ ಜಯತೀರ್ಥರು.

ಭುವನೇಶ್ವರಿ ಆ ವಿವರದ ಮೇಲೆ ಬೆರಳಿಟ್ಟಳು. ದೀಪ ದೊಡ್ಡದಾಗಿತ್ತು. ತಲೆದೆಸೆಯಲ್ಲಿ ಹಚ್ಚಿಟ್ಟ ದೀಪ, ಜನ ಒಳಗೆ ಹೊರಗೆ ಓಡಾಡುವ ಗಾಳಿಗೋ, ಎಣ್ಣೆ ಸಾಲದೆಯೋ ದೊಡ್ಡದಾಗಿ, ಯಾರೋ ಅಡುಗೆಮನೆಗೆ ಬಂದು ಎಣ್ಣೆ ಹುಡುಕಿದ್ದಾರೆ. ಮೈ ತೊಳೆಸಲು ನೀರು ಹುಡುಕಿದ್ದಾರೆ. ಭುವನೇಶ್ವರಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಫೋನು ಮಾಡಿ ವಿಚಾರಿಸಿದಳು. ಹೌದು, ಗಂಗಶೆಟ್ಟರು. ಮಧ್ಯಾಹ್ನ, ನೆರಳು ಹುಡುಕಿಕೊಂಡು ಹೋಗಿ, ಬಸ್‌ಸ್ಟ್ಯಾಂಡಿನ ಹೊಂಗೆಮರದ ಕೆಳಗೆ. ಅವಳು ಮುಖ ಮುಚ್ಚಿಕೊಂಡು ಅತ್ತಳು. ಜಯತೀರ್ಥರು ಎದುರಿನ ಕುರ್ಚಿಯಲ್ಲಿ ಕೂತರು.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನದ ಊಟ ಮುಗಿಸಿ ಬಂದ ಭುವನೇಶ್ವರಿ ಹಿಂದಿನ ಸಂಜೆಯ ನಕ್ಷೆ ನೋಡಿ ಅಲ್ಲೇ ನಿಂತಳು. ಬಳೆಗಾರರ ಬೀದಿಯ ಒಂದು ತುದಿಯಲ್ಲಿ ನಾಲ್ಕು ಮನೆ ಕೆಂಪಾಗಿದ್ದವು. ಆ ಸಂಜೆ ಅವುಗಳ ಪಕ್ಕದವು ಕೆಂಪಾದವು. ಅದರ ಮರುಸಂಜೆ ಇನ್ನೂ ಕೆಲವು. ತುದಿಯಿಂದ ಶುರುವಾಗಿ ಒಂದೂ ಮನೆ ಬಿಡದೆ ಸಾಲಾಗಿ ಬರುತ್ತಿತ್ತು.

"ಯಂತ್ರ ಕೆಟ್ಟಿತೇನ್ರೀ?" ಜಯತೀರ್ಥರು ಕೇಳಿದರು.

"ಇಲ್ಲ ಸರ್. ಯಾರೋ ಮನೆಯಿಂದ ಮನೆಗೆ ನಡೀತಿದಾರೆ."

ಜಯತೀರ್ಥರು ಬಹಳ ಹೊತ್ತು ನಕ್ಷೆಯನ್ನೇ ನೋಡಿದರು. "ನಾವು ಕಲಿಸಿದ್ದಲ್ಲ ತಾನೆ?" ಎಂದರು.

"ನಾವು ಕೇಳಿಕೊಂಡಾಗ ಅವರು ಆಗಲ್ಲ ಅಂದಿದ್ದರು ಸರ್."

"ಹಾಗಾದ್ರೆ ಜನರ ಸ್ವಂತ ಮಾತು," ಎಂದು ಅವರು ಸಹಿ ಹಾಕಿ ಮೇಲಕ್ಕೆ ಕಳಿಸಿದರು. ವರದಿಯಲ್ಲಿ ಬರೆದದ್ದು ಇಷ್ಟೇ: ಬೀದಿಯ ಹೊಂದಾಣಿಕೆ ಕುಸಿದಿದೆ, ಕಾರಣ ತಿಳಿದಿಲ್ಲ, ಯಂತ್ರ ಸರಿಯಾಗಿದೆ. ಘೋಷಣೆಯನ್ನು ಮಂಡಳಿ ಹಿಂದಕ್ಕೆ ಪಡೆಯಿತು. ನಿಯಮದಲ್ಲಿ ಅದಕ್ಕೂ ಒಂದು ಕಲಮು ಇತ್ತು.

ಟ್ಯಾಂಕರ್ ಮತ್ತೆ ಬಂದ ದಿನ ಭುವನೇಶ್ವರಿಯೂ ಕರೆಗಲ್ಲಿಗೆ ಬಂದಳು. ತಂಪುಮನೆಯ ಬೀಗ ತೆಗೆದಿದ್ದರು, ಕೊಳವೆಗಳಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು. ಪುಟ್ಟಲಕ್ಷ್ಮಮ್ಮ ಮನೆಯಲ್ಲಿರಲಿಲ್ಲ. ಯಾರದೋ ಮನೆಯಲ್ಲಿ ಸೀಮೆಎಣ್ಣೆ ಹೆಚ್ಚಾಗಿತ್ತಂತೆ, ಕರೆದುಕೊಂಡು ಹೋಗಿದ್ದಾರೆ ಎಂದು ಪಕ್ಕದ ಮನೆಯಾಕೆ ಹೇಳಿದಳು. ಆ ಮನೆಯ ಬಾಗಿಲಿಗೆ ಭುವನೇಶ್ವರಿ ಹೋದಾಗ ಒಡತಿ ಮಗುವನ್ನೆತ್ತಿಕೊಂಡು ಜಗಲಿಯ ಮೇಲೆ ನಿಂತಿದ್ದಳು. ಮಗುವಿನ ಕಿವಿಗಳನ್ನು ಅಂಗೈಯಿಂದ ಮುಚ್ಚಿದ್ದಳು. ಒಳಗಿನಿಂದ ಪುಟ್ಟಲಕ್ಷ್ಮಮ್ಮನ ದನಿ ಸ್ಪಷ್ಟವಾಗಿ ಬಂತು.

"ಎಣ್ಣೆ ಇಲ್ಲ. ಈ ಮನೇಲಿ ಸೀಮೆಎಣ್ಣೆ ಇಲ್ಲ."

ಹೊರಗೆ ಬಂದ ಪುಟ್ಟಲಕ್ಷ್ಮಮ್ಮ ಭುವನೇಶ್ವರಿಯನ್ನು ನೋಡಿ ನಿಂತರು. ಹಣೆ ಬರಿದಾಗಿತ್ತು. ಕೈತುಂಬ ಬಳೆಗಳು ಹಾಗೇ ಇದ್ದವು. ಅವಳ ಕಣ್ಣು ಅಲ್ಲಿಗೆ ಹೋದದ್ದು ಅವರಿಗೆ ತಿಳಿಯಿತು.

"ಇವನ್ನ ತೆಗೀಲಿಲ್ಲ. ಅವ್ರು ತೊಡ್ಸಿದ್ದು," ಎಂದರು. ಮನೆಯ ಕಡೆ ನಡೆಯುತ್ತ ತಾವಾಗಿಯೇ ಮಾತು ಮುಂದುವರಿಸಿದರು. "ಇಷ್ಟು ವರ್ಷ ಅವ್ರಿಗೋಸ್ಕರ ಬಾಯಿ ಕಾಯ್ಕಂಡು ಬಂದೆ ಕಣಮ್ಮ. ಇನ್ನ ಯಾರಿಗೋಸ್ಕರ ಕಾಯ್ಲಿ? ಇವ್ರೆಲ್ಲ ಮಕ್ಕಳೊಂದಿಗರು, ಇವ್ರ ಬಾಯಲ್ಲಿ ಬ್ಯಾಡ. ನನಗಾದ್ರೆ ಏನು. ಕರೆದ್ರೆ ಹೋಗಿ ಅಂದ್ಬಿಟ್ಟು ಬತ್ತೀನಿ."

"ನಾನು ಅವತ್ತೇ ಹೇಳಿಬಿಡಬೇಕಿತ್ತು ಅಮ್ಮ," ಎಂದಳು ಭುವನೇಶ್ವರಿ. "ನಿಮ್ಮ ಅಡುಗೆಮನೇಲಿ ನಿಂತಿದ್ದೆ. ಬಾಯಿ ಬರಲಿಲ್ಲ."

"ನೋಡ್ದೆ. ಹಿತ್ತಲಿಂದ ಕಾಣ್ತಿತ್ತು," ಎಂದರು ಪುಟ್ಟಲಕ್ಷ್ಮಮ್ಮ. "ಒಳ್ಳೆ ಹುಡುಗಿ ಅಂತ ಅಂದ್ಕಂಡೆ."

ಮನೆಗೆ ಬಂದು ತಟ್ಟೆಯಲ್ಲಿ ಬೆಲ್ಲ, ಚೊಂಬಿನ ತುಂಬ ನೀರು ಇಟ್ಟರು. ಭುವನೇಶ್ವರಿ ಒಂದೇ ಗುಟುಕು ಕುಡಿದು ಕೆಳಗಿಟ್ಟಳು. ಪುಟ್ಟಲಕ್ಷ್ಮಮ್ಮ ಚೊಂಬನ್ನು ಮತ್ತೆ ಅವಳತ್ತ ಸರಿಸಿದರು. "ಕುಡಿ. ಇವತ್ತು ಐತೆ."

ಅವಳು ಪೂರ್ತಿ ಕುಡಿದಳು. ಅಡುಗೆಮನೆಯ ಬಾಗಿಲ ಮೇಲೆ ಗೋಡೆಕಿವಿ ಇತ್ತು, ಗೂಟದಲ್ಲಿ ಖಾಲಿ ಮಲಾರ ತೂಗುತ್ತಿತ್ತು. ಬಿಸಿಲು ಇಳಿದ ಮೇಲೆ ಭುವನೇಶ್ವರಿ ಎದ್ದು ಚಪ್ಪಲಿ ಮೆಟ್ಟಿದಳು.

"ಬರ್ತೀನಿ ಅಮ್ಮ."

ಪುಟ್ಟಲಕ್ಷ್ಮಮ್ಮ ಬಾಗಿಲಿಗೆ ಕೈಯೂರಿ ನಿಂತು, ಬೀದಿಯ ಕೊನೆಯ ಕಡೆ ನೋಡಿದರು.

"ಅವ್ರೂ ಅವತ್ತು ಹಂಗೇ ಅಂದು ಹೋದ್ರು ಕಣಮ್ಮ," ಎಂದರು.